ಜರ್ಮನಿಯ ಹಳ್ಳಿಗಳಲ್ಲಿ ಬೇಟೆ: ಹಕ್ಕು ಯಾರದು, ಕೋವಿ ಯಾರ ಕೈಗೆ, ಬೆಳೆ ನಷ್ಟ ಯಾರ ತಲೆಗೆ

ಜರ್ಮನಿಯಲ್ಲಿ ಊರಾಚೆ ಮನೆ ಮಾಡಿದ ಕನ್ನಡಿಗರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ. ಬೆಳಗಿನ ಜಾವ ಹೊಲದ ಕಡೆಯಿಂದ ಗುಂಡಿನ ಸದ್ದು ಬರುತ್ತೆ, ಇದಕ್ಕೆಲ್ಲ ಪರ್ಮಿಶನ್ ಇದೆಯಾ? ಮನೆ ಜೊತೆ ಒಂದು ತುಂಡು ಹುಲ್ಲುಗಾವಲು ಕೊಂಡ ಮೇಲೆ ಯಾವುದೋ ಬೇಟೆ ಸಂಘದ ಸಭೆಗೆ ಕರೆ ಬಂದಿದೆ, ಅದೇನು? ನಾನೂ ಲೈಸೆನ್ಸ್ ತೆಗೆಯಬಹುದಾ? ಈ ಬರಹ ಅಂಥವರಿಗೆ. ಬೇಟೆ ಆಡುವ ಆಸೆ ಇಲ್ಲದವರಿಗೂ ಅರ್ಧದಷ್ಟು ವಿಷಯ ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ, ಉಳಿದದ್ದು ಸಲೀಸು. ಇಲ್ಲಿ ಬೇಟೆಯ ಹಕ್ಕು ಜಮೀನಿನ ಮಾಲೀಕನದು. ಆದರೆ ಸಣ್ಣ ಮಾಲೀಕ ಅದನ್ನು ತಾನೊಬ್ಬನೇ ಬಳಸುವ ಹಾಗಿಲ್ಲ. ಊರವರ ಜಮೀನನ್ನೆಲ್ಲ ಒಟ್ಟು ಸೇರಿಸಿ, ಗುತ್ತಿಗೆಗೆ ಕೊಡುತ್ತಾರೆ. ಗುತ್ತಿಗೆ ಹಿಡಿದವನಿಗೆ ಮಾಂಸವೂ ಸಿಗುತ್ತದೆ, ಪ್ರಾಣಿ ತಿಂದ ಬೆಳೆಯ ಬಿಲ್ಲೂ ಬರುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಈ ಗಂಟಿನ ಮೇಲೆ.

ನಮ್ಮಲ್ಲಿ ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ 1991ರ ತಿದ್ದುಪಡಿ ಬಂದ ಮೇಲೆ ಶೋಕಿಯ ಬೇಟೆ ಪೂರ್ತಿ ನಿಂತಿದೆ. ಕೊಡಗಿನಲ್ಲಿ ಮನೆಯಲ್ಲಿ ಕೋವಿ ಇರಬಹುದು, ಕಾಡುಹಂದಿ ಗದ್ದೆಗೆ ಇಳಿದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಜರ್ಮನ್ ಕಾನೂನಿನಲ್ಲಿ ಕಾಡುಪ್ರಾಣಿ ಯಾರ ಸ್ವತ್ತೂ ಅಲ್ಲ, ಸರ್ಕಾರದ್ದೂ ಅಲ್ಲ. ಅದನ್ನು ಹೊಡೆದು ತನ್ನದಾಗಿಸಿಕೊಳ್ಳುವ ಹಕ್ಕನ್ನಷ್ಟೇ ಕಾನೂನು ಹಂಚುತ್ತದೆ.

ಹೀಗೆ ಹಂಚಿದ್ದಕ್ಕೆ ಕಾರಣ ಇದೆ. 1848ರ ಕ್ರಾಂತಿಗೆ ಮುಂಚೆ ದೊರೆಗಳು, ಜಹಗೀರುದಾರರು ರೈತರ ಹೊಲದಲ್ಲೇ ಬೇಟೆ ಆಡುತ್ತಿದ್ದರು. ಜಿಂಕೆ, ಹಂದಿ ಬೆಳೆ ತಿಂದರೂ ರೈತ ಸುಮ್ನೆ ನೋಡಬೇಕಿತ್ತು. ಕ್ರಾಂತಿ ಆ ಹಕ್ಕನ್ನು ಕಿತ್ತು ರೈತರಿಗೆ ಕೊಟ್ಟಿತು. ಸಿಕ್ಕಿದ್ದೇ ತಡ ಎಲ್ಲರೂ ಕೋವಿ ಹಿಡಿದರು, ಪ್ರಾಣಿಗಳು ಒಂದೆರಡು ವರ್ಷದಲ್ಲೇ ಬರಿದಾಗತೊಡಗಿದವು. ಅದಕ್ಕೇ 1850ರಲ್ಲಿ ಪ್ರಷ್ಯಾ, ಅಂದರೆ ಆಗಿನ ದೊಡ್ಡ ಜರ್ಮನ್ ರಾಜ್ಯ, ಹೊಸ ಕಾನೂನು ತಂದಿತು: ಹಕ್ಕು ನಿಮ್ಮದೇ, ಆದರೆ ಜಮೀನು ಇಷ್ಟು ದೊಡ್ಡದಿಲ್ಲದಿದ್ದರೆ ಊರಿನ ಜೊತೆ ಸೇರಿಯೇ ಬಳಸಿ. ಈಗಿನ ಕೇಂದ್ರ ಬೇಟೆ ಕಾಯ್ದೆ 1952ರದು, 1976ರಲ್ಲಿ ಹೊಸದಾಗಿ ಬರೆದದ್ದು. ಬುಡ ಮಾತ್ರ ಆ 1850ರದೇ.

ಒಂದು ಎಚ್ಚರಿಕೆ. ಕೇಂದ್ರದ ಕಾಯ್ದೆಯ ಮೇಲೆ ಪ್ರತಿ ರಾಜ್ಯಕ್ಕೂ ತನ್ನದೇ ಬೇಟೆ ಕಾಯ್ದೆ ಇದೆ. 2006ರ ಸಂವಿಧಾನ ತಿದ್ದುಪಡಿಯ ನಂತರ ರಾಜ್ಯಗಳು ಕೇಂದ್ರದ ನಿಯಮದಿಂದ ದೂರ ಸರಿಯಲೂಬಹುದು, ಲೈಸೆನ್ಸ್ ವಿಷಯ ಒಂದನ್ನು ಬಿಟ್ಟು. ಕೆಳಗಿನ ಅಂಕಿಗಳು ಕೇಂದ್ರ ಕಾಯ್ದೆಯವು. ನಿಮ್ಮ ರಾಜ್ಯದ್ದು ಬೇರೆ ಇರಬಹುದು, ನೋಡಿಕೊಳ್ಳಿ.

ಹೆಜ್ಜೆ 1: ಜಮೀನು ಯಾವ ಬೇಟೆ ವಲಯದಲ್ಲಿದೆ ಅಂತ ತಿಳಿಯಿರಿ

ಇಡೀ ಗ್ರಾಮಾಂತರ ಜರ್ಮನಿ ಬೇಟೆ ವಲಯಗಳಾಗಿ ಹಂಚಿಹೋಗಿದೆ. ಜನ ಇದನ್ನು ರೆವಿಯರ್ ಅಂತಾರೆ. ಒಬ್ಬನೇ ಮಾಲೀಕನಿಗೆ ಒಂದೇ ಕಡೆ ಹೊಂದಿಕೊಂಡ ಹಾಗೆ 75 ಹೆಕ್ಟೇರ್, ಅಂದರೆ ಸುಮಾರು 185 ಎಕರೆ ಇದ್ದರೆ, ಅದು ಅವನ ಸ್ವಂತ ವಲಯ. ಬ್ರಾಂಡೆನ್‌ಬುರ್ಗ್‌ನಲ್ಲಿ ಇದೇ ಮಿತಿ 150 ಹೆಕ್ಟೇರ್. ಬವೇರಿಯಾದಲ್ಲಿ 81.755 ಹೆಕ್ಟೇರ್! ಹಳೇ ಕಾಲದ ಅಳತೆಯನ್ನು ಹೆಕ್ಟೇರಿಗೆ ಬದಲಿಸಿದಾಗ ದಶಮಾಂಶವನ್ನೂ ಬಿಡದೆ ಇಟ್ಟುಕೊಂಡಿದ್ದಾರೆ.

ಅಷ್ಟು ಜಮೀನು ಯಾರಿಗಿರುತ್ತೆ ಹೇಳಿ? ಹಾಗಾಗಿ ಉಳಿದ ಎಲ್ಲರ ತುಂಡುಗಳು ಸೇರಿ ಊರಿನ ಸಾಮೂಹಿಕ ವಲಯ ಆಗುತ್ತವೆ. ಅದಕ್ಕೆ ಕನಿಷ್ಠ 150 ಹೆಕ್ಟೇರ್ ಬೇಕು. ಮನೆ, ಮನೆಗೆ ಸೇರಿದ ಹಿತ್ತಲು, ಸ್ಮಶಾನದಂಥ ಜಾಗಗಳಲ್ಲಿ ಬೇಟೆ ನಡೆಯುವುದಿಲ್ಲ.

ವಲಯದ ಗಡಿ ಕಣ್ಣಿಗೆ ಕಾಣಿಸುವುದಿಲ್ಲ. ಒಂದು ತೊರೆ, ಒಂದು ಹೊಲದ ದಾರಿ, ಕೆಲವೊಮ್ಮೆ ಬರೀ ಸರ್ವೆ ಗೆರೆ. ನಿಮ್ಮ ಜಮೀನು ಯಾರ ವಲಯದಲ್ಲಿದೆ ಅಂತ ಗ್ರಾಮ ಆಡಳಿತದಲ್ಲಿ ಕೇಳಿ. ಅಲ್ಲಿ ಆಗದಿದ್ದರೆ ಜಿಲ್ಲಾ ಕಚೇರಿಯ ಉಂಟೆರೆ ಯಾಗ್ಡ್‌ಬೆಹೋರ್ಡೆ, ಅಂದರೆ ಜಿಲ್ಲಾ ಮಟ್ಟದ ಬೇಟೆ ಅಧಿಕಾರಿಗಳ ಕಚೇರಿ. ಮುಂದೆ ಬರುವ ಬಹುಪಾಲು ಕಾಗದಗಳೂ ಈ ಕಚೇರಿಗೇ ಹೋಗುವುದು, ವಿಳಾಸ ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ಜಮೀನಿದ್ದರೆ ಸಭೆ ತಪ್ಪಿಸಬೇಡಿ

ಸಾಮೂಹಿಕ ವಲಯದಲ್ಲಿ ಜಮೀನು ಕೊಂಡ ದಿನವೇ ನೀವು ಯಾಗ್ಡ್‌ಗೆನೊಸೆನ್‌ಶಾಫ್ಟ್‌ನ, ಅಂದರೆ ಮಾಲೀಕರ ಬೇಟೆ ಸಂಘದ ಸದಸ್ಯರು. ಅರ್ಜಿ ಇಲ್ಲ, ಚಂದಾ ಇಲ್ಲ. ಬೇಡ ಅಂತ ರಾಜೀನಾಮೆ ಕೊಡುವಂತೆಯೂ ಇಲ್ಲ. ಊರಿನ ಬೇಟೆಯನ್ನು ಯಾರಿಗೆ ಗುತ್ತಿಗೆ ಕೊಡಬೇಕು, ಎಷ್ಟಕ್ಕೆ, ಬಂದ ಹಣ ಏನು ಮಾಡಬೇಕು ಅಂತ ತೀರ್ಮಾನಿಸುವುದು ಈ ಸಂಘ. ಆಡಳಿತ ಮಂಡಳಿ ಆಯ್ಕೆಯಾಗದಿದ್ದರೆ ಅಲ್ಲಿಯವರೆಗೆ ಗ್ರಾಮ ಆಡಳಿತವೇ ಆ ಕೆಲಸ ನೋಡಿಕೊಳ್ಳುತ್ತದೆ.

ಮತ ಎಣಿಸುವ ರೀತಿ ನನಗೆ ಬಹಳ ಹಿಡಿಸಿದೆ. ಎರಡು ಬಹುಮತ ಒಟ್ಟಿಗೇ ಬೇಕು. ಸಭೆಗೆ ಬಂದ ತಲೆಗಳ ಬಹುಮತ, ಮತ್ತೆ ಅವರ ಜಮೀನಿನ ಬಹುಮತ. ಉದಾಹರಣೆಗೆ 20 ಜನ ಬಂದಿದ್ದಾರೆ, ಅವರೆಲ್ಲರದು ಸೇರಿ 200 ಹೆಕ್ಟೇರ್. 12 ಜನ ಕೈ ಎತ್ತಿದರು, ಆದರೆ ಅವರ ಜಮೀನು ಒಟ್ಟು 60 ಹೆಕ್ಟೇರ್ ಮಾತ್ರ. ನಿರ್ಣಯ ಬಿತ್ತು. ಉಲ್ಟಾ ನೋಡಿ: ಇಬ್ಬರು ದೊಡ್ಡ ಜಮೀನ್ದಾರರ ಬಳಿ 130 ಹೆಕ್ಟೇರ್ ಇದ್ದರೂ, ಉಳಿದ 18 ಜನ ಒಪ್ಪದಿದ್ದರೆ ಅವರ ಆಟವೂ ನಡೆಯುವುದಿಲ್ಲ.

ಗುತ್ತಿಗೆ ಹಣ ಜಮೀನಿನ ಅಳತೆಗೆ ತಕ್ಕಂತೆ ಸದಸ್ಯರಿಗೆ ಸೇರಬೇಕು. ವರ್ಷಕ್ಕೆ 3,000 ಯೂರೋ ಬಂತು, ವಲಯ 300 ಹೆಕ್ಟೇರ್ ಅಂದುಕೊಳ್ಳಿ. ಹೆಕ್ಟೇರಿಗೆ 10 ಯೂರೋ. ನಿಮ್ಮದು 4 ಹೆಕ್ಟೇರ್ ಆದರೆ 40 ಯೂರೋ. ಇಷ್ಟಕ್ಕೆ ಯಾರು ಬ್ಯಾಂಕ್ ಖಾತೆ ಸಂಖ್ಯೆ ಬರೆದು ಕಳಿಸುತ್ತಾರೆ? ಅದಕ್ಕೇ ತುಂಬಾ ಊರುಗಳಲ್ಲಿ ಹಣವನ್ನು ಹೊಲದ ದಾರಿ ರಿಪೇರಿಗೆ ಹಾಕುತ್ತಾರೆ, ವರ್ಷಕ್ಕೊಂದು ಊಟ ಇಟ್ಟುಕೊಳ್ಳುತ್ತಾರೆ. ಹಾಗೆ ನಿರ್ಣಯವಾಗಿ, ನೀವು ಅದಕ್ಕೆ ಒಪ್ಪಿರದಿದ್ದರೆ, ನಿಮ್ಮ ಪಾಲನ್ನು ಕೇಳಿ ಪಡೆಯಬಹುದು. ಆದರೆ ನಿರ್ಣಯ ಪ್ರಕಟವಾದ ಒಂದು ತಿಂಗಳೊಳಗೆ ಕೇಳಬೇಕು. ಆಮೇಲೆ ಹಕ್ಕು ಹೋಯಿತು.

ಹೆಜ್ಜೆ 3: ಕೋವಿ ಹಿಡಿಯುವ ಆಸೆಯಿದ್ದರೆ ಪರೀಕ್ಷೆ

ಜಮೀನಿದ್ದ ಮಾತ್ರಕ್ಕೆ ಹೊಡೆಯುವಂತಿಲ್ಲ. ಯಾಗ್ಡ್‌ಶೈನ್ ಅನ್ನುವ ಬೇಟೆ ಲೈಸೆನ್ಸ್ ಬೇಕು. ಅದಕ್ಕೆ ರಾಜ್ಯ ನಡೆಸುವ ಪರೀಕ್ಷೆ ಪಾಸಾಗಬೇಕು. ಮೂರು ಭಾಗ: ಬರೆಯುವುದು, ಬಾಯಿಮಾತು ಮತ್ತು ಪ್ರಾಯೋಗಿಕ, ಗುರಿ ಹೊಡೆಯುವುದು. ಗುರಿಯಲ್ಲಿ ಸೋತರೆ ಉಳಿದೆರಡರ ಅಂಕ ಕೈ ಹಿಡಿಯುವುದಿಲ್ಲ. ಪ್ರಾಣಿಗಳ ಜೀವನಕ್ರಮ, ಬೇಸಾಯ, ಕಾಡಿನ ಮರಗಳು, ಬೇಟೆ ನಾಯಿ, ಆಯುಧ ಕಾನೂನು, ಮಾಂಸದ ಶುಚಿತ್ವ, ಎಲ್ಲವನ್ನೂ ಕೇಳುತ್ತಾರೆ. ಜನ ಇದನ್ನು 'ಹಸಿರು ಅಬಿಟೂರ್' ಅಂತ ಕರೆಯುವುದು ಸುಮ್ನೆ ಅಲ್ಲ. ಅಬಿಟೂರ್ ಅಂದರೆ ಇಲ್ಲಿನ ಪಿಯುಸಿ ಮಟ್ಟದ ದೊಡ್ಡ ಪರೀಕ್ಷೆ. ಪ್ರಶ್ನೆಗಳು ಜರ್ಮನ್ ಭಾಷೆಯಲ್ಲಿ, ಅದರಲ್ಲೂ ಬೇಟೆಗಾರರದ್ದೇ ಪದಗಳು. ಆಫೀಸಿನಲ್ಲಿ ಮಾತಾಡುವಷ್ಟು ಜರ್ಮನ್ ಇದ್ದರೆ ಸಾಲದು, ಇದು ಮೊದಲೇ ಗೊತ್ತಿರಲಿ.

ಕೋರ್ಸ್ ಎರಡು ಥರ. ಸ್ಥಳೀಯ ಬೇಟೆಗಾರರ ಸಂಘ ವಾರಕ್ಕೆ ಕೆಲವು ಸಂಜೆಯಂತೆ ತಿಂಗಳುಗಟ್ಟಲೆ ಕಲಿಸುತ್ತದೆ. ಖಾಸಗಿ ಶಾಲೆಗಳು ಕೆಲವೇ ವಾರಗಳಲ್ಲಿ ಮುಗಿಸುತ್ತವೆ. ನನ್ನ ಕೇಳಿದರೆ ಸಂಘದ ಕೋರ್ಸೇ ಸರಿ. ಮುಂದೆ ಬೇಟೆಗೆ ಜಾಗ ಕೊಡುವವರು ಅಲ್ಲೇ ಪರಿಚಯ ಆಗುವುದು.

ಪಾಸಾದ ಮೇಲೆ ಜಿಲ್ಲಾ ಕಚೇರಿಗೆ ಅರ್ಜಿ. ಬೇಟೆಯ ಹೊಣೆ ವಿಮೆ ತೋರಿಸಬೇಕು: ಜನರಿಗೆ ಆಗುವ ಹಾನಿಗೆ ಕನಿಷ್ಠ 5 ಲಕ್ಷ ಯೂರೋ, ವಸ್ತುಗಳಿಗೆ 50,000 ಯೂರೋ. ನಿಮ್ಮ ಹಿನ್ನೆಲೆಯನ್ನೂ ವಿಚಾರಿಸುತ್ತಾರೆ. ಲೈಸೆನ್ಸ್ ಒಂದರಿಂದ ಮೂರು ವರ್ಷಕ್ಕೆ ಸಿಗುತ್ತದೆ. 16 ತುಂಬಿ 18 ಆಗದವರಿಗೆ ಬೇರೆ ಕಿರಿಯರ ಲೈಸೆನ್ಸ್, ದೊಡ್ಡವರು ಜೊತೆಗಿರಲೇಬೇಕು.

ಹೆಜ್ಜೆ 4: ಕೋವಿ ಮತ್ತು ಬೀರು

ಲೈಸೆನ್ಸ್ ಇದ್ದವರು ಉದ್ದ ಕೋವಿಯನ್ನು ಅಂಗಡಿಯಲ್ಲೇ ಕೊಳ್ಳಬಹುದು. ಎರಡು ವಾರದೊಳಗೆ ಆಯುಧ ಕಾರ್ಡಿನಲ್ಲಿ ಅದನ್ನು ಬರೆಸಲು ಅರ್ಜಿ ಹಾಕಬೇಕು. ಮನೆಯಲ್ಲಿ ಪ್ರಮಾಣೀಕರಿಸಿದ ಉಕ್ಕಿನ ಬೀರು ಕಡ್ಡಾಯ. ಹಾಗಾಗಿ ಬೀರು ಮೊದಲು, ಕೋವಿ ಆಮೇಲೆ. ಜರ್ಮನಿಗೆ ಬಂದು ಐದು ವರ್ಷ ಆಗದವರಿಗೆ ಆಯುಧ ಅನುಮತಿ ನಿರಾಕರಿಸುವ ಅಧಿಕಾರ ಕಚೇರಿಗಿದೆ. ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಈ ಒಂದು ಪ್ರಶ್ನೆ ಕೇಳಿಬಿಡಿ.

ಹೆಜ್ಜೆ 5: ಜಾಗ ಸಿಗಬೇಕಲ್ಲ

ಲೈಸೆನ್ಸ್ ಇರುವವರು ದೇಶದಲ್ಲಿ 4 ಲಕ್ಷಕ್ಕೂ ಜಾಸ್ತಿ. ಎಲ್ಲರಿಗೂ ಗುತ್ತಿಗೆ ಸಿಗುವುದಿಲ್ಲ. ಹೊಸಬರು ಮೊದಲು ಗುತ್ತಿಗೆದಾರರೊಬ್ಬರ ಅತಿಥಿಯಾಗಿ ಹೋಗುತ್ತಾರೆ. ಪರಿಚಯ ಗಟ್ಟಿಯಾದ ಮೇಲೆ ಅವರು ಬೆಗೇಯುಂಗ್ಸ್‌ಶೈನ್ ಅನ್ನುವ ಲಿಖಿತ ಅನುಮತಿ ಕೊಡುತ್ತಾರೆ. ಅದಿದ್ದರೆ ಅವರು ಜೊತೆಗಿಲ್ಲದಿದ್ದರೂ ಆ ವಲಯದಲ್ಲಿ ಬೇಟೆಗೆ ಕೂರಬಹುದು. ಇದು ಬಿಟ್ಟಿ ಅಲ್ಲ. ಕೆಲವರು ಹಣ ತಗೊಳ್ಳುತ್ತಾರೆ, ಕೆಲವರು ಕೆಲಸ: ಅಟ್ಟಣೆ ಕಟ್ಟುವುದು, ಬೇಲಿಗೆ ಕರೆಂಟ್ ತಂತಿ ಎಳೆಯುವುದು, ಹುಲ್ಲು ಕೊಯ್ಯುವ ಮುಂಚೆ ಡ್ರೋನ್ ಹಾರಿಸಿ ಹುಲ್ಲಿನಲ್ಲಿ ಅಡಗಿದ ಜಿಂಕೆ ಮರಿಗಳನ್ನು ಎತ್ತಿಡುವುದು. ವಾರಾಂತ್ಯಕ್ಕೆ ಬೂಟು ಕೆಸರು ಮಾಡಿಕೊಳ್ಳಲು ತಯಾರಿದ್ದವರಿಗೆ ಬೇಗ ಜಾಗ ಸಿಗುತ್ತದೆ.

ಹೆಜ್ಜೆ 6: ಗುತ್ತಿಗೆ ಹಿಡಿಯುವುದು

ಗುತ್ತಿಗೆ ಹಿಡಿಯಲು ಅದಕ್ಕೆ ಮುಂಚೆ ಪೂರ್ತಿ ಮೂರು ವರ್ಷ ವಾರ್ಷಿಕ ಲೈಸೆನ್ಸ್ ಇದ್ದಿರಬೇಕು. ಕರಾರು ಬರವಣಿಗೆಯಲ್ಲೇ ಇರಬೇಕು. ಅವಧಿ ಕನಿಷ್ಠ 9 ವರ್ಷ. ಕೆಲವು ರಾಜ್ಯಗಳು ಇದನ್ನು ಇಳಿಸಿವೆ. ಒಂಬತ್ತು ವರ್ಷ ಯಾಕೆ? ಆರು ತಿಂಗಳಿಗೆ ಕೊಟ್ಟರೆ ಬಂದವನು ಕಂಡದ್ದನ್ನೆಲ್ಲ ಹೊಡೆದು ಎದ್ದು ಹೋಗುತ್ತಾನೆ. ಒಂಬತ್ತು ವರ್ಷ ಇರಬೇಕಾದವನು ನಾಳೆಗೂ ಉಳಿಸುತ್ತಾನೆ. ಒಬ್ಬನಿಗೆ ಒಟ್ಟು 1,000 ಹೆಕ್ಟೇರ್‌ಗಿಂತ ಜಾಸ್ತಿ ಇಲ್ಲ. ದುಡ್ಡಿದ್ದವರು ಇಡೀ ಜಿಲ್ಲೆಯನ್ನು ನುಂಗದಿರಲಿ ಅಂತ ಈ ಮಿತಿ.

ಸಂಘ ಬಹಿರಂಗ ಹರಾಜು ಹಾಕಬಹುದು, ಲಕೋಟೆಯಲ್ಲಿ ಟೆಂಡರ್ ಕರೆಯಬಹುದು, ಇಲ್ಲವೇ ಗೊತ್ತಿದ್ದವರಿಗೆ ನೇರವಾಗಿ ಕೊಡಬಹುದು. ಜಾಸ್ತಿ ಕೂಗಿದವನಿಗೇ ಕೊಡಬೇಕೆಂದಿಲ್ಲ. ನಗರದಿಂದ ತಿಂಗಳಿಗೊಮ್ಮೆ ಬಂದು ಹೋಗುವ ಶ್ರೀಮಂತನಿಗಿಂತ, ಹಂದಿ ಜೋಳಕ್ಕೆ ನುಗ್ಗಿದೆ ಅಂತ ಫೋನ್ ಮಾಡಿದ ರಾತ್ರಿಯೇ ಬರುವ ಊರಿನವನು ಮೇಲು ಅಂತ ರೈತರು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ತಪ್ಪಲ್ಲ.

ಸಹಿಯಾದ ಕರಾರನ್ನು ಜಿಲ್ಲಾ ಕಚೇರಿಗೆ ತೋರಿಸಬೇಕು. ಅವರಿಗೆ ಆಕ್ಷೇಪಿಸಲು ಮೂರು ವಾರ. ಮಧ್ಯದಲ್ಲಿ ಲೈಸೆನ್ಸ್ ರದ್ದಾದರೆ ಗುತ್ತಿಗೆಯೂ ಮುಗಿಯಿತು. ಅದೇ ವಲಯದ ರೈತರೊಬ್ಬರು ಹೊಲ ಮಾರಿದರೆ ಗುತ್ತಿಗೆಗೆ ಏನೂ ಆಗುವುದಿಲ್ಲ. ಕೊಂಡವರು ಸುಮ್ನೆ ಸಂಘದ ಹೊಸ ಸದಸ್ಯರಾಗುತ್ತಾರೆ.

ಸಹಿ ಹಾಕುವ ಮುಂಚೆ ಒಂದೇ ಒಂದು ಷರತ್ತನ್ನು ಎರಡು ಸಲ ಓದಿ: ಬೆಳೆ ನಷ್ಟ ಪೂರ್ತಿ ಗುತ್ತಿಗೆದಾರನ ಮೇಲೋ, ಒಂದು ಮೊತ್ತದವರೆಗೆ ಮಾತ್ರವೋ. ಕಾಡಿಗೆ ತಾಗಿದ ಜೋಳದ ಹೊಲಗಳಿದ್ದ ಕಡೆ ಬಾಡಿಗೆಗಿಂತ ಈ ಬಿಲ್ಲೇ ದೊಡ್ಡದಾಗಬಹುದು.

ಹೆಜ್ಜೆ 7: ಎಷ್ಟು ಹೊಡೆಯಬೇಕು ಅನ್ನುವುದು

'ಎಷ್ಟು ಹೊಡೆಯಬಹುದು' ಅಂತ ಕೇಳುವುದು ನಮ್ಮ ಅಭ್ಯಾಸ. ಇಲ್ಲಿ ಪ್ರಶ್ನೆ 'ಎಷ್ಟು ಹೊಡೆಯಲೇಬೇಕು' ಅಂತ. ಕಾಡುಹಂದಿ ಬಿಟ್ಟು ಉಳಿದ ಗೊರಸಿನ ಪ್ರಾಣಿಗಳಿಗೆ ಆಬ್‌ಶುಸ್‌ಪ್ಲಾನ್ ಅನ್ನುವ ಯೋಜನೆ ಇರುತ್ತದೆ. ಗುತ್ತಿಗೆದಾರ ಮತ್ತು ಮಾಲೀಕರ ಸಂಘದ ಮಂಡಳಿ ಸೇರಿ ಬರೆಯುತ್ತಾರೆ: ಗಂಡು ಎಷ್ಟು, ಹೆಣ್ಣು ಎಷ್ಟು, ಮರಿ ಎಷ್ಟು. ರೈತರು, ಅರಣ್ಯದವರು, ಬೇಟೆಗಾರರು, ಪ್ರಕೃತಿ ಸಂರಕ್ಷಣೆಯವರು ಇರುವ ಸಲಹಾ ಸಮಿತಿಯ ಜೊತೆ ಮಾತಾಡಿ ಜಿಲ್ಲಾ ಕಚೇರಿ ಅದಕ್ಕೆ ಮುದ್ರೆ ಒತ್ತುತ್ತದೆ. ಹೊಡೆದದ್ದನ್ನೆಲ್ಲ ಪಟ್ಟಿಯಲ್ಲಿ ಬರೆಯಬೇಕು. ಗುರಿ ಮುಟ್ಟದಿದ್ದರೆ ಕಚೇರಿ ಒತ್ತಾಯಿಸಬಹುದು.

ಸಂಖ್ಯೆ ಎಲ್ಲಿಂದ ಬರುತ್ತದೆ? ಕಾಡಿನಲ್ಲಿ ರೋ ಜಿಂಕೆಗಳನ್ನು, ಅಂದರೆ ಇಲ್ಲಿನ ಸಣ್ಣ ಜಾತಿಯ ಜಿಂಕೆಗಳನ್ನು, ಎಣಿಸಲು ಆಗುವುದಿಲ್ಲ. ಅದಕ್ಕೆ ಜಿಂಕೆಯನ್ನು ಬಿಟ್ಟು ಸಸಿಯನ್ನು ನೋಡುತ್ತಾರೆ. ಬವೇರಿಯಾದಲ್ಲಿ ಮೂರು ವರ್ಷಕ್ಕೊಮ್ಮೆ ಅರಣ್ಯದವರು ಸಸಿಗಳ ಸಾಲು ಹಿಡಿದು ಹೋಗಿ ಎಷ್ಟು ತುದಿಗಳನ್ನು ಪ್ರಾಣಿ ತಿಂದಿದೆ ಅಂತ ದಾಖಲಿಸುತ್ತಾರೆ. ಬಗ್ಗಿ ನೋಡಿದರೆ ಕಳ್ಳ ಯಾರು ಅಂತಲೂ ಗೊತ್ತಾಗುತ್ತದೆ. ಜಿಂಕೆಗೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಕಚ್ಚಿ ಎಳೆಯುತ್ತದೆ. ಹಾಗಾಗಿ ಚಿಗುರಿನ ತುದಿ ನಾರು ನಾರಾಗಿ ಹರಿದಿರುತ್ತದೆ. ಮೊಲ ತಿಂದಿದ್ದರೆ ಕತ್ತರಿ ಹಾಕಿದ ಹಾಗೆ ಓರೆಯಾಗಿ, ನುಣ್ಣಗೆ. ಕೆಲವು ಕಡೆ ಸಣ್ಣ ಜಾಗಕ್ಕೆ ಬೇಲಿ ಹಾಕಿ ಬಿಡುತ್ತಾರೆ. ಕೆಲವು ವರ್ಷದ ಮೇಲೆ ಬೇಲಿಯ ಒಳಗೆ ಓಕ್, ಸಿಲ್ವರ್ ಫರ್ ಸಸಿಗಳು ಸೊಂಟದೆತ್ತರ, ಹೊರಗೆ ಬರೀ ಸ್ಪ್ರೂಸ್. ಸಭೆಯ ಜಗಳಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಬಾಡೆನ್-ವುರ್ಟೆಂಬೆರ್ಗ್‌ನಂಥ ಕೆಲವು ರಾಜ್ಯಗಳು ರೋ ಜಿಂಕೆಗೆ ಸರ್ಕಾರಿ ಮುದ್ರೆಯ ಯೋಜನೆ ಬಿಟ್ಟು, ಮಾಲೀಕ ಮತ್ತು ಗುತ್ತಿಗೆದಾರ ತಾವೇ ಗುರಿ ಒಪ್ಪಿಕೊಳ್ಳಲಿ ಅಂದಿವೆ. ದೇಶದಲ್ಲಿ ವರ್ಷಕ್ಕೆ ಹೊಡೆಯುವ ರೋ ಜಿಂಕೆಗಳೇ 10 ಲಕ್ಷ ದಾಟುತ್ತವೆ. ಆದರೂ ಕಾಡಿನವರಿಗೆ ಅದು ಕಡಿಮೆ, ಬೇಟೆಗಾರರಿಗೆ ಜಾಸ್ತಿ. ಈ ವಾದ ಮುಗಿಯುವ ಥರ ಕಾಣುವುದಿಲ್ಲ.

ಹೆಜ್ಜೆ 8: ಯಾವಾಗ, ಹೇಗೆ

ಬೇಟೆ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಪ್ರತಿ ಪ್ರಾಣಿಗೂ ಋತು ಬೇರೆ. ಕೇಂದ್ರದ ಪಟ್ಟಿಯಲ್ಲಿ ಗಂಡು ರೋ ಜಿಂಕೆಗೆ ಮೇ 1ರಿಂದ ಅಕ್ಟೋಬರ್ 15, ಹೊಲದ ದೊಡ್ಡ ಮೊಲಕ್ಕೆ (ಹೇರ್) ಅಕ್ಟೋಬರ್ 1ರಿಂದ ಜನವರಿ 15, ಕಾಡುಹಂದಿಗೆ ವರ್ಷವಿಡೀ. ಇದನ್ನು ರಾಜ್ಯಗಳು ಸಾಕಷ್ಟು ಬದಲಿಸಿವೆ. ಆದರೆ ಮರಿ ಸಾಕುತ್ತಿರುವ ತಾಯಿಯನ್ನು ಹೊಡೆದರೆ ಋತುವಿನ ನೆಪ ನಡೆಯುವುದಿಲ್ಲ, ಅದು ಕ್ರಿಮಿನಲ್ ಅಪರಾಧ.

ಗೊರಸಿನ ಪ್ರಾಣಿಗಳಿಗೆ ಚರೆ ತೋಟೆ ನಿಷೇಧ. ರೋ ಜಿಂಕೆಗೆ 100 ಮೀಟರಿನಲ್ಲಿ ಕನಿಷ್ಠ 1,000 ಜೂಲ್ ಬಲ ಉಳಿಯುವ ಗುಂಡು ಬೇಕು. ಉಳಿದವಕ್ಕೆ 2,000 ಜೂಲ್, 6.5 ಮಿಲಿಮೀಟರ್ ವ್ಯಾಸ. ಸೂರ್ಯ ಮುಳುಗಿ ಒಂದೂವರೆ ಗಂಟೆಯ ನಂತರ ಹುಟ್ಟುವ ಒಂದೂವರೆ ಗಂಟೆ ಮುಂಚಿನವರೆಗೆ ರಾತ್ರಿ ಅಂತ ಲೆಕ್ಕ. ಆಗ ಜಿಂಕೆ ಹೊಡೆಯುವಂತಿಲ್ಲ, ಕಾಡುಹಂದಿ ಹೊಡೆಯಬಹುದು. ಬೆಳಗಿನ ಜಾವದ ನಿಮ್ಮ ಗುಂಡಿನ ಸದ್ದಿಗೆ ಉತ್ತರ ಇಲ್ಲಿದೆ.

ಹೆಜ್ಜೆ 9: ಹೊಡೆದ ಮೇಲೆ

ಗಾಯವಾಗಿ ಓಡಿದ ಪ್ರಾಣಿಯನ್ನು ಹಾಗೇ ಬಿಡುವಂತಿಲ್ಲ. ತರಬೇತಿ ಪಡೆದ ನಾಯಿ ಕರೆಸಿ ರಕ್ತದ ಜಾಡು ಹಿಡಿಯಬೇಕು. ಪಕ್ಕದ ವಲಯಕ್ಕೆ ದಾಟಿದರೆ ಅಲ್ಲಿನವರ ಜೊತೆ ಮೊದಲೇ ಮಾಡಿಕೊಂಡ ಒಪ್ಪಂದದಂತೆ ನಡೆಯಬೇಕು. ಕಾಡುಹಂದಿಯ ಮಾಂಸವನ್ನು ಟ್ರೈಕಿನೆಲ್ಲಾ ಹುಳದ ಪರೀಕ್ಷೆ ಆಗದೆ ಯಾರೂ ತಿನ್ನುವಂತಿಲ್ಲ, ಮಾರುವಂತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬ್ರಾಂಡೆನ್‌ಬುರ್ಗ್‌ನಲ್ಲಿ ಆಫ್ರಿಕನ್ ಹಂದಿ ಜ್ವರ ಕಂಡ ಮೇಲೆ ರೋಗದ ವಲಯಗಳಲ್ಲಿ ಬೇರೆಯೇ ನಿಯಮಗಳಿವೆ. ಸತ್ತ ಹಂದಿ ಕಂಡರೆ ಮುಟ್ಟಬೇಡಿ, ತಿಳಿಸಿ.

ಹೆಜ್ಜೆ 10: ಬೆಳೆ ಹೋದರೆ

ರೈತರಿಗೆ ಮುಖ್ಯವಾದದ್ದು ಇದೇ. ಗೊರಸಿನ ಪ್ರಾಣಿ, ಬಿಲದ ಕಾಡುಮೊಲ (ರ್ಯಾಬಿಟ್), ಫೆಸೆಂಟ್ ಹಕ್ಕಿ ಮಾಡಿದ ಹಾನಿಗೆ ಪರಿಹಾರ ಉಂಟು. ಕಾನೂನಿನ ಪ್ರಕಾರ ಕೊಡಬೇಕಾದದ್ದು ಮಾಲೀಕರ ಸಂಘ; ಕರಾರಿನಲ್ಲಿ ಗುತ್ತಿಗೆದಾರ ಒಪ್ಪಿಕೊಂಡಿದ್ದರೆ ಅವನು. ಸರ್ಕಾರದ ಖಜಾನೆಯಿಂದ ಬರುವುದಿಲ್ಲ.

ಗಡುವು ಮಾತ್ರ ಬಿಗಿ. ಹಾನಿ ಗೊತ್ತಾದ ಒಂದು ವಾರದೊಳಗೆ ಗ್ರಾಮ ಆಡಳಿತದಂಥ ನಿಗದಿತ ಕಚೇರಿಗೆ ತಿಳಿಸಬೇಕು. 'ಗೊತ್ತಾದ' ಅಂದರೆ ನೀವು ನೋಡಿದ ದಿನ ಅಂತ ಮಾತ್ರ ಅಲ್ಲ. ಸರಿಯಾಗಿ ಗಮನ ಇಟ್ಟಿದ್ದರೆ ಯಾವಾಗ ಗೊತ್ತಾಗುತ್ತಿತ್ತೋ ಆ ದಿನದಿಂದಲೂ ಎಣಿಸಬಹುದು. ಜೋಳದಲ್ಲಿ ಇದು ಪೇಚು. ಹಂದಿಗಳು ಅಂಚಿನ ನಾಲ್ಕು ಸಾಲು ಬಿಟ್ಟು ಒಳಗೆ ನುಗ್ಗಿ, ತೆನೆ ಹಾಲುಗಟ್ಟುವ ಹೊತ್ತಿಗೆ ನಡುವೆ ಚಾಪೆ ಹಾಸಿದ ಹಾಗೆ ಮಲಗಿಸುತ್ತವೆ. ದಾರಿಯಿಂದ ನೋಡಿದರೆ ಹೊಲ ಹಸಿರಾಗೇ ಇರುತ್ತೆ. ಹಾಗಾಗಿ ಒಳಗೆ ಇಳಿದು ನೋಡಿ, ಇಲ್ಲವೇ ಡ್ರೋನ್ ಹಾರಿಸಿ, ದಿನಾಂಕ ಸಮೇತ ಫೋಟೋ ಇಡಿ. ಕಾಡಿನ ಸಸಿಗಳ ಹಾನಿಗೆ ವಾರದ ಗಡುವಿಲ್ಲ, ಮೇ 1 ಅಥವಾ ಅಕ್ಟೋಬರ್ 1ರೊಳಗೆ ತಿಳಿಸಿದರೆ ಸಾಕು. ದ್ರಾಕ್ಷಿ ತೋಟ, ಹಣ್ಣಿನ ತೋಟಗಳಿಗೆ ಸಾಮಾನ್ಯವಾಗಿ ಸರಿಯಾದ ಬೇಲಿ ಹಾಕಿರದಿದ್ದರೆ ಪರಿಹಾರ ಇಲ್ಲ.

ಮೊದಲು ಮಾತುಕತೆ, ಆಗದಿದ್ದರೆ ಅಂದಾಜುಗಾರ ಬಂದು ಅಳೆಯುತ್ತಾನೆ, ಕೊನೆಗೆ ಕೋರ್ಟು. ಊರಿನಲ್ಲಿ ಬಹಳಷ್ಟು ಹೊಲದ ಬದುವಿನ ಮೇಲೇ ಬಗೆಹರಿಯುತ್ತವೆ.

ನನ್ನ ಜಮೀನಿನಲ್ಲಿ ಬೇಟೆಯೇ ಬೇಡ ಅಂದರೆ

ಹಿಂದೆ ಇದಕ್ಕೆ ದಾರಿ ಇರಲಿಲ್ಲ. 2012ರ ಜೂನ್ 26ರಂದು ಹೆರ್ಮನ್ ವಿರುದ್ಧ ಜರ್ಮನಿ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಮನಸ್ಸಾಕ್ಷಿ ಒಪ್ಪದ ಸಣ್ಣ ಮಾಲೀಕ ತನ್ನ ನೆಲದಲ್ಲಿ ಬೇಟೆಯನ್ನು ಸಹಿಸಲೇಬೇಕು ಅನ್ನುವುದು ಸರಿಯಲ್ಲ ಅಂದಿತು. 2013ರಲ್ಲಿ ಕಾಯ್ದೆಗೆ 6ಎ ಅನ್ನುವ ಕಲಂ ಸೇರಿತು. ಈಗ ನೈತಿಕ ಕಾರಣ ಕೊಟ್ಟು ಜಿಲ್ಲಾ ಕಚೇರಿಗೆ ಅರ್ಜಿ ಹಾಕಬಹುದು. ಕಾರಣ ನಂಬುವಂತಿರಬೇಕು: ನೀವೇ ಬೇಟೆ ಆಡುತ್ತಿದ್ದರೆ, ಲೈಸೆನ್ಸ್ ಇಟ್ಟುಕೊಂಡಿದ್ದರೆ ಆಗುವುದಿಲ್ಲ. ಒಪ್ಪಿಗೆ ಸಿಕ್ಕರೂ ಸಾಮಾನ್ಯವಾಗಿ ಈಗಿನ ಗುತ್ತಿಗೆ ಮುಗಿದ ಮೇಲೇ ಜಾರಿ. ಆಮೇಲೆ ನಿಮ್ಮ ಬೆಳೆಯನ್ನು ಹಂದಿ ತಿಂದರೆ ಪರಿಹಾರ ಕೇಳುವಂತಿಲ್ಲ. ಮಾಂಸಾಹಾರವನ್ನೇ ಮುಟ್ಟದ ಮನೆಗಳಿಂದ ಬಂದ ನಮ್ಮಲ್ಲಿ ಕೆಲವರಿಗೆ ಈ ಕಲಂ ತಕ್ಷಣ ಹಿಡಿಸುತ್ತದೆ. ಅರ್ಜಿ ಹಾಕುವ ಮುಂಚೆ ಜಮೀನು ಬೇಸಾಯಕ್ಕೆ ಕೊಟ್ಟಿರುವ ರೈತನ ಹತ್ತಿರ ಒಂದು ಮಾತು ಕೇಳಿ. ನಷ್ಟ ಆಗುವುದು ಅವನಿಗೆ.

ಬೇಟೆಗೆ ಸಂಬಂಧವೇ ಇಲ್ಲ ಅನ್ನುವವರಿಗೆ

ಕಾರಿಗೆ ಜಿಂಕೆ ಅಡ್ಡ ಬಂದು ಸತ್ತರೆ ಅದನ್ನು ಡಿಕ್ಕಿಗೆ ಹಾಕಿಕೊಂಡು ಬರಬೇಡಿ. ಸತ್ತ ಪ್ರಾಣಿಯೂ ಬೇಟೆ ಹಕ್ಕಿಗೆ ಸೇರಿದ್ದು, ಎತ್ತಿಕೊಂಡರೆ ಕಳ್ಳಬೇಟೆ; ಮೂರು ವರ್ಷದವರೆಗೆ ಜೈಲು ಅಥವಾ ದಂಡ. ಕಾಡಿನಲ್ಲಿ ಬಿದ್ದ ಕೊಂಬನ್ನು ಮನೆಗೆ ತಂದರೂ ಇದೇ ಕಾನೂನು. 110ಕ್ಕೆ ಫೋನ್ ಮಾಡಿ. ಪೊಲೀಸರು ಆ ವಲಯದ ಬೇಟೆಗಾರನನ್ನು ಕರೆಸುತ್ತಾರೆ. ಅಪಘಾತದ ಪ್ರಮಾಣಪತ್ರ ಕೇಳಿ ತಗೊಳ್ಳಿ, ಕಾರಿನ ವಿಮೆಗೆ ಅದು ಬೇಕಾಗುತ್ತದೆ. ನಾಯಿ ಸಾಕಿದ್ದರೆ ರಾಜ್ಯದ ಹಗ್ಗದ ನಿಯಮ ನೋಡಿ: ಲೋವರ್ ಸ್ಯಾಕ್ಸನಿಯಲ್ಲಿ ಏಪ್ರಿಲ್ 1ರಿಂದ ಜುಲೈ 15ರವರೆಗೆ ಹೊಲ, ಕಾಡಿನಲ್ಲಿ ನಾಯಿಯನ್ನು ಹಗ್ಗ ಬಿಚ್ಚಿ ಬಿಡುವಂತಿಲ್ಲ. ರಸ್ತೆ ಬದಿಯಲ್ಲಿ 'ಟ್ರೈಬ್‌ಯಾಗ್ಡ್' ಅಂತ ಬೋರ್ಡ್ ಕಂಡರೆ ಗುಂಪು ಬೇಟೆ ನಡೆಯುತ್ತಿದೆ ಅಂತ ಅರ್ಥ. ಕಾರು ನಿಧಾನ ಮಾಡಿ, ಅವತ್ತಿನ ವಾಕಿಂಗನ್ನು ಬೇರೆ ಕಡೆ ಇಟ್ಟುಕೊಳ್ಳಿ.